ಅಳವಿ ಬಟ್ಟಲು

ರಕ್ತ ಬಿದ್ದ ಬಟ್ಟೆಯನ್ನು ತೊಳೆಯದೆ ಹಾಗೇ ತರಬೇಕೆಂದು ಡಾಕ್ಟರು ಹೇಳಿದ್ದರು. ಸುರೇಖಾ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಆ ಚೀಲವನ್ನು ಇನ್ನೊಂದರಲ್ಲಿ ಸುತ್ತಿ, ಬ್ಯಾಗಿನ ತಳಕ್ಕೆ ಒತ್ತಿಟ್ಟಿದ್ದಳು. ಆದರೂ ಮಸ್ಕಿ ಬಿಟ್ಟು ಬಸ್ಸು ಸಿಂಧನೂರಿನ ದಾರಿ ಹಿಡಿದ ಮೇಲೆ ಅದರ ವಾಸನೆ ಎಲ್ಲರಿಗೂ ಬರುತ್ತಿದೆ ಅನ್ನಿಸತೊಡಗಿತು. ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿನ ಹತ್ತಿರ ತಂದದ್ದು ಧೂಳಿಗಲ್ಲ, ಇದಕ್ಕೇ. ಸುರೇಖಾ ಬ್ಯಾಗನ್ನು ಕಾಲಿನಿಂದ ಸೀಟಿನಡಿಗೆ ತಳ್ಳಿದಳು. ವಾಸನೆ ಹೋಗಲಿಲ್ಲ. ಆಮೇಲೆ, ಕಾಲುವೆಯ ಸೇತುವೆ ಹತ್ತುವಾಗ ಬಸ್ಸು ಕುಲುಕಿ ಹೊಟ್ಟೆಯಿಂದ ಒಂದು ತೇಗು ಬಂತು. ಅದು ಬಟ್ಟೆಯ ವಾಸನೆಯಲ್ಲ, ತನ್ನ ಬಾಯಿಯದೇ ಎಂದು ಅವಳಿಗೆ ತಿಳಿಯಿತು. ಬೆಲ್ಲ, ಯಾಲಕ್ಕಿ, ಅವುಗಳ ಅಡಿಯಲ್ಲಿ ಮೇಕೆಯ ಮೈಯ ಆ ಜಿಡ್ಡು ಕಂಪು. ಬೆಳಿಗ್ಗೆ ಹೊರಡುವ ಮುಂಚೆಯೂ ಅತ್ತೆ ಪಾಯಸದ ಬಟ್ಟಲು ಕೊಟ್ಟಿದ್ದಳು. ಬೆಳಿಗ್ಗೆಯೂ ಅವಳು ತಳ ಕಾಣುವವರೆಗೆ ಉಂಡಿದ್ದಳು.

ಕೂಸು ಅತ್ತೆ ಯಂಕಮ್ಮನ ತೊಡೆಯ ಮೇಲಿತ್ತು. ಅಳುತ್ತಿರಲಿಲ್ಲ. ಈಚೆಗೆ ಅದು ಅಳುವುದನ್ನೇ ಕಡಿಮೆ ಮಾಡಿತ್ತು, ಅದನ್ನು ಕಂಡು ನೆರೆಯವರು ಎಷ್ಟು ಶಾಂತ ಕೂಸು ಎನ್ನುತ್ತಿದ್ದರು. ಕಿವಿಯ ಹಾಲೆಗಳು ಮೇಣದ ಹಾಗೆ ಕಾಣುತ್ತಿದ್ದವು. ಕಿಟಕಿಯ ಬಿಸಿಲು ಅವುಗಳ ಮೂಲಕ ಹಾಯ್ದರೂ ಕೆಂಪಾಗುತ್ತಿರಲಿಲ್ಲ. ಎಂಟನೇ ಕ್ಲಾಸಿನ ಮಕ್ಕಳಿಗೆ ಟಾರ್ಚಿನ ಮೇಲೆ ಬೆರಳಿಡಿಸಿ, ನೋಡಿ ಒಳಗೆ ರಕ್ತ ಹೇಗೆ ಕೆಂಪಗೆ ಕಾಣುತ್ತದೆ ಎಂದು ತಾನು ತೋರಿಸುತ್ತಿದ್ದದ್ದು ಸುರೇಖಾಳಿಗೆ ನೆನಪಾಯಿತು. ಮುಖ ತಿರುಗಿಸಿದಳು.

“ಹೆಣ್ಣಾ, ಗಂಡಾ?” ಮುಂದಿನ ಹೆಂಗಸು ಹಿಂತಿರುಗಿ ಕೇಳಿದಳು.

“ಹೆಣ್ಣು,” ಎಂದಳು ಯಂಕಮ್ಮ.

“ಬಿಳಿಚಿಕೊಂಡಾದಲ್ಲ ಬೇ. ದಿಷ್ಟಿ ಆಗ್ಯಾದ ನೋಡು. ಹೊಟ್ಟಿ ಮ್ಯಾಲೆ ಒಂದು ಬರಿ ಹಾಕ್ಸು, ನೆಟ್ಟಗ ಆಕ್ಕತಿ.”

“ನಿನ್ನ ಹೊಟ್ಟಿ ಮ್ಯಾಲೆ ಹಾಕ್ಸೀ ಏನು, ಇಷ್ಟು ನೆಟ್ಟಗ ಮಾತಾಡಾಕತ್ತಿ?”

ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಆ ಹೆಂಗಸೂ ನಕ್ಕಳು. ಎರಡು ಸೀಟಿನಾಚೆ ಕಂಬ ಹಿಡಿದು ನಿಂತಿದ್ದ ಸುರೇಖಾಳ ಗಂಡ ರಾಜೇಶ ಮಾತ್ರ ನಗಲಿಲ್ಲ. ನೀರಾವರಿ ಆಫೀಸಿನ ಸಾಹೇಬರ ಹತ್ತಿರ ಅರ್ಧ ದಿನದ ರಜೆ ಕೇಳಿ ಬಂದವನು ಅದನ್ನು ಪೂರ್ತಿ ದಿನಕ್ಕೆ ಏರಿಸುವುದು ಹೇಗೆಂದು ಫೋನು ನೋಡುತ್ತ ಯೋಚಿಸುತ್ತಿದ್ದ. ಯಂಕಮ್ಮ ಕೂಸಿನ ಟೊಪ್ಪಿಗೆ ಸರಿಮಾಡಿ, “ಇವರಪ್ಪ ಹುಟ್ಟಿದಾಗ ಇಲಿಮರಿ ಇದ್ದಂಗ ಇದ್ದ. ಈಗ ನೋಡು, ಬಸ್ಸಿನ ಮಾಡಿಗೆ ತಲಿ ಬಡಿಸ್ಕೊಳ್ಳಾಕತ್ತಾನ,” ಎಂದಳು. ಆ ಮಾತು ಸುರೇಖಾಳಿಗೆ ಧೈರ್ಯ ಹೇಳಲು ಬಂದದ್ದು. ಅತ್ತೆಯ ಧೈರ್ಯದ ಮಾತುಗಳೆಲ್ಲ ಹೀಗೆ ಬೇರೆ ಯಾರಿಗೋ ಹೇಳಿದ ಹಾಗೆ ಬರುತ್ತಿದ್ದವು, ಸುರೇಖಾ ಅವನ್ನು ದಾರಿಯಲ್ಲಿ ಬಿದ್ದದ್ದನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಳ್ಳಬೇಕಿತ್ತು.

ಮೊದಲ ಸಲ ಕೂಸಿನ ಮಲದಲ್ಲಿ ಅದು ಸಾಸಿವೆಯಷ್ಟೇ ಇತ್ತು. ಹಳದಿಯ ನಡುವೆ ಒಂದು ಕೆಂಪು ಎಳೆ. ಕುಂಕುಮವಿರಬೇಕು ಎಂದುಕೊಂಡು ಉಗುರಿನಿಂದ ಎತ್ತಿ ನೋಡಿದ್ದಳು. ಮಸ್ಕಿಯ ಡಾಕ್ಟರು ಆಮಶಂಕೆ ಎಂದು ಔಷಧ ಬರೆದರು. ಔಷಧ ಮುಗಿಯಿತು, ಎಳೆ ದಪ್ಪವಾಯಿತು. ಕರುಳು ಕರುಳಿನೊಳಗೆ ತೂರಿಕೊಂಡಿರಬಹುದೆಂದು ಲಿಂಗಸುಗೂರಿಗೆ ಸ್ಕ್ಯಾನಿಂಗಿಗೆ ಓಡಿದರು. ಅಲ್ಲಿ ತಣ್ಣನೆಯ ಜೆಲ್ ಹಚ್ಚಿದ ಆ ಅಂಗೈಯಗಲದ ಹೊಟ್ಟೆಯೊಳಗೆ ಎಲ್ಲವೂ ಇರಬೇಕಾದ ಜಾಗದಲ್ಲೇ ಇತ್ತು. ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡಿದರು, ಹೆಪ್ಪುಗಟ್ಟುತ್ತಿತ್ತು. ಗುದದಲ್ಲಿ ಸೀಳಿದೆಯೇ ಎಂದು ನೋಡಿದರು, ಇರಲಿಲ್ಲ. ಪ್ರತಿಯೊಂದು ‘ಇಲ್ಲ’ಕ್ಕೂ ರಾಜೇಶ ಕೈ ಮುಗಿಯುತ್ತಿದ್ದ, ಸುರೇಖಾಳಿಗೆ ಮಾತ್ರ ಒಂದೊಂದೇ ಬಾಗಿಲು ಮುಚ್ಚಿಕೊಂಡು ಕೊನೆಗೆ ತಾನು ನಿಂತ ಕೋಣೆಯೊಂದೇ ಉಳಿಯುತ್ತಿದೆ ಅನ್ನಿಸುತ್ತಿತ್ತು. ಸಿಂಧನೂರಿನ ಡಾಕ್ಟರ್ ಶಾಜಿಯಾ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಕೂಸಿನ ಬಗ್ಗೆ ಏನೂ ಕೇಳದೆ ಸುರೇಖಾಳನ್ನು ಕೇಳಿದ್ದರು: “ನೀವು ಏನು ಉಣ್ತೀರಿ?” ತಾಯಿ ಕುಡಿದ ಹಾಲಿನ ಅಂಶ ಎದೆಹಾಲಿಗೆ ಬರುತ್ತದೆ, ಕೆಲವು ಕೂಸುಗಳ ಕರುಳಿಗೆ ಅದು ಆಗಿಬರುವುದಿಲ್ಲ, ಒಳಗೆ ಕೆರಳಿ ರಕ್ತ ಜಿನುಗುತ್ತದೆ, ಇದಕ್ಕೆ ಪರೀಕ್ಷೆ ಬೇರೆ ಇಲ್ಲ, ನೀವು ಬಿಟ್ಟು ನೋಡುವುದೇ ಪರೀಕ್ಷೆ ಎಂದಿದ್ದರು. “ಆಕಳು, ಎಮ್ಮಿ, ಆಡು, ಯಾವುದರ ಹಾಲೂ ಬ್ಯಾಡ. ಮೊಸರು, ತುಪ್ಪ, ಚಹಾದಾಗಿನ ಒಂದು ಹನಿನೂ ಬ್ಯಾಡ. ಎದಿಹಾಲು ಮಾತ್ರ ಬಿಡಬ್ಯಾಡ್ರಿ.” ಸುರೇಖಾ ತಲೆಯಾಡಿಸಿದ್ದಳು. ಪ್ರೋಟೀನಿನ ಪಾಠ ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಆ ದಿನ ಯಂಕಮ್ಮ ಹೊರಗೆ ಕೂಸಿನ ಜೊತೆ ಬೇವಿನ ನೆರಳಲ್ಲಿದ್ದಳು.

ಬಸ್ಸು ಗದ್ದೆಗಳ ನಡುವೆ ಓಡುತ್ತಿತ್ತು. ನಾಟಿಯ ಹೆಂಗಸರು ಸಾಲಾಗಿ ಬಗ್ಗಿದ್ದರು, ಯಾರ ಮುಖವೂ ಕಾಣುತ್ತಿರಲಿಲ್ಲ. ಯಂಕಮ್ಮ ಹೀಗೇ ವಳಕಮದಿನ್ನಿಯಲ್ಲಿ ಬಗ್ಗಿ ಬಗ್ಗಿ ಮಗನನ್ನು ಓದಿಸಿದ್ದಳು. ಲಿಂಗಸುಗೂರಿನ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯ ಸಹಿ ಮಾಡಿ ಆ ಮನೆಗೆ ಬಂದ ಮಧ್ಯಾಹ್ನ, ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಸುರೇಖಾಳನ್ನು ಕೂರಿಸಿ ಯಂಕಮ್ಮ ನೀರು ತಂದಿದ್ದಳು. ಹೊಸ ಸ್ಟೀಲ್ ಲೋಟ. ಬೆಲೆಯ ಚೀಟಿ ಕಿತ್ತ ಜಾಗದಲ್ಲಿ ಅಂಟು ಇನ್ನೂ ಉಳಿದು, ಅದಕ್ಕೆ ಬೆರಳಿನ ಕಪ್ಪು ಹತ್ತಿತ್ತು. ಸುರೇಖಾಳ ಕೈ ಮುಂದೆ ಹೋಯಿತು. ಹೋಗುತ್ತ ಹೋಗುತ್ತ ಒಂದು ಕ್ಷಣ ನಿಂತಿತು. ಅವಳು ನಿಲ್ಲಿಸಲಿಲ್ಲ, ಅದಾಗಿಯೇ ನಿಂತಿತು, ಮುದಗಲ್ಲಿನ ತವರುಮನೆಯ ಅಂಗಳದಲ್ಲಿ ಅಜ್ಜಿ ಕೂಲಿಯ ಹೆಂಗಸರ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದ ಆ ಎತ್ತರ ಕೈಯೊಳಗೆ ಎಲ್ಲೋ ಉಳಿದುಬಿಟ್ಟಿತ್ತು. ಯಾರೂ ಕಾಣದಷ್ಟು ಸಣ್ಣ ತಡೆ. ಆದರೆ ಯಂಕಮ್ಮ ಬದುಕಿಡೀ ಆ ಬೊಗಸೆಯ ಕಡೆ ಇದ್ದವಳು. ಅವಳು ಲೋಟವನ್ನು ಕಟ್ಟೆಯ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು, ಸೊಸೆ ತನ್ನ ಬೆರಳು ಮುಟ್ಟದೆ ಎತ್ತಿಕೊಳ್ಳಲೆಂದು. ಸುರೇಖಾ ಗಟಗಟ ಕುಡಿದಳು, ಬೇಡವಾದರೂ ಇನ್ನೊಂದು ಲೋಟ ಕೇಳಿ ಕುಡಿದಳು. ಅದೂ ಕಟ್ಟೆಯ ಮೇಲೇ ಬಂತು. ಆಮೇಲೆ ಮಸ್ಕಿಯ ಗುಡ್ಡದ ಕೆಳಗೆ ಅವರು ಮನೆ ಮಾಡಿ, ಯಂಕಮ್ಮ ಬಂದು ಹೋಗಿ ಮಾಡುತ್ತಿದ್ದ ವರ್ಷಗಳಲ್ಲೆಲ್ಲ ತಟ್ಟೆ, ಚಹಾದ ಕಪ್ಪು, ಬೆಂಕಿಪೊಟ್ಟಣ ಸಹ ಹಾಗೇ ಬಂದವು. ಇಡುವುದು, ಸರಿಯುವುದು. ರಾಜೇಶನಿಗೆ ಅದು ಕಾಣಲೇ ಇಲ್ಲ. ಕಂಡಿದ್ದರೆ ಅವನು ಕೇಳುತ್ತಿದ್ದ, ಕೇಳಿದ್ದರೆ ಜಗಳವಾದರೂ ಆಗುತ್ತಿತ್ತು. ತಾನು ಎಲ್ಲವನ್ನೂ ಬಿಟ್ಟು ಬಂದವಳು ಎಂದು ಹೇಳಿಕೊಳ್ಳುವಾಗಲೆಲ್ಲ ಸುರೇಖಾಳಿಗೆ ಆ ಲೋಟದ ಅಂಟು ನೆನಪಾಗುತ್ತಿತ್ತು.

ಹೆರಿಗೆಯಾದಾಗ ಮುದಗಲ್ಲಿನಿಂದ ಯಾರೂ ಬರಲಿಲ್ಲ. ಚೊಚ್ಚಲು ಬಾಣಂತನ ತವರಿನದು. ಆ ಜಾಗ ಖಾಲಿ ಬಿದ್ದಿತ್ತು. ಯಂಕಮ್ಮ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿಸಿನೀರು ಹೊಯ್ದು, ಹೊಟ್ಟೆಗೆ ಬಟ್ಟೆ ಕಟ್ಟಿ, ಎಂದೂ ಮುಟ್ಟದ ಸೊಸೆಯ ಮೈಯನ್ನು ತನ್ನ ಬಿರುಕು ಅಂಗೈಗಳಿಂದ ತಿಕ್ಕಿದಳು. ಮೊದಲ ತುತ್ತನ್ನು ಬಾಯಿಗೇ ಇಟ್ಟಳು. ಸುರೇಖಾ ಅತ್ತಳು, ಬಾಣಂತಿಯ ಅಳು ಎಂದು ಎಲ್ಲರೂ ಸುಮ್ಮನಾದರು. ದಿನಾ ಅಳವಿ ಪಾಯಸ. ಅಳವಿಯ ಕೆಂಪು ಕಾಳು ಹಾಲಿನಲ್ಲಿ ಕುದ್ದು ಉಬ್ಬಿ, ಲೋಳೆ ಲೋಳೆಯಾಗಿ, ಎದೆಹಾಲು ಇಳಿಸುವ ಪಾಯಸ. ಡಾಕ್ಟರು ಹಾಲು ಬೇಡವೆಂದ ಮೇಲೆ ಕೆಲವು ದಿನ ಯಂಕಮ್ಮ ಅದನ್ನು ನೀರಿನಲ್ಲಿ ಮಾಡಿದಳು. ಸುರೇಖಾ ಉಣ್ಣುವುದನ್ನು ನೋಡುತ್ತ ನಿಂತು, ತಾನೇ ಏನೋ ಕದ್ದವಳ ಹಾಗೆ ಮುಖ ಸಣ್ಣ ಮಾಡುತ್ತಿದ್ದಳು. ಒಂದು ದಿನ ಬಟ್ಟಲು ಬೆಳ್ಳಗಿತ್ತು. ಅದನ್ನು ಸುರೇಖಾಳ ಕೈಗಿಡುತ್ತ, ಬಟ್ಟಲನ್ನು ಬಿಡದೆ ಹಿಡಿದುಕೊಂಡೇ ಕೇಳಿದಳು:

“ಆಕಳದು, ಎಮ್ಮಿದು ಬ್ಯಾಡ ಅಂದಾರಂತ ರಾಜ್ಯಾ ಹೇಳಿದ. ಗುಲ್ಷನ್‌ಬೀ ಕಡಿಂದ ಆಡಿಂದು ತಂದೀನಿ. ಅದು ಹಾಲಲ್ಲ ಯವ್ವಾ, ಔಷಧ. ನಡೀತದಲ್ಲ? ನೀ ಕಲ್ತಾಕಿ, ನೀ ಹೇಳು.”

ಬಟ್ಟಲಿನ ಕೆಳಗೆ ನಾಲ್ಕು ಕೈಗಳಿದ್ದವು. ಅತ್ತೆಯ ಬೆರಳುಗಳು ಅವಳ ಬೆರಳುಗಳ ಮೇಲಿದ್ದವು, ಬಿಸಿ ಯಾರದು ಎಂದು ಹೇಳಲಾಗುತ್ತಿರಲಿಲ್ಲ. ಬೇಡ ಎನ್ನಬೇಕಾದರೆ ಮೊದಲು ಕೈ ಹಿಂದೆ ತೆಗೆಯಬೇಕಿತ್ತು.

“ನಡೀತದ್ರಿ, ಅತ್ತಿ,” ಎಂದಳು.

ಆಮೇಲೆ ಅವಳು ತನಗೆ ತಾನು ಪಾಠ ಹೇಳಿಕೊಂಡಳು. ಪ್ರಮಾಣ ಕಡಿಮೆ. ಕುದಿಸಿದ್ದು. ಕಾರಣ ಹಾಲೇ ಎಂಬುದಕ್ಕೆ ಪುರಾವೆಯೇನು? ಬೇರೆ ಏನೋ ಇರಬಹುದು, ಇರಲಿ ಎಂದು ಸಹ ಅನ್ನಿಸಿತ್ತು. ಕೂಸಿನೊಳಗೆ ಬೇರೆ ಏನೋ ದೊಡ್ಡದು ಇದ್ದರೆ ಈ ಬಟ್ಟಲು ನಿರಪರಾಧಿಯಾಗುತ್ತಿತ್ತು. ಹಾಗೆ ಅನ್ನಿಸಿದ ಮೇಲೆ ಇಡೀ ದಿನ ಕೂಸನ್ನು ಎತ್ತಿಕೊಳ್ಳಲು ಅವಳಿಗೆ ಭಯವಾಗಿತ್ತು. ಒಮ್ಮೆ ಗಟ್ಟಿ ಮನಸ್ಸು ಮಾಡಿ ಎರಡು ದಿನ ಪಾಯಸವನ್ನು ಬಚ್ಚಲಿಗೆ ಸುರಿದಳು. ಅಳವಿ ಕಾಳು ಹೋಗಲಿಲ್ಲ. ಲೋಳೆ ಹಿಡಿದು ಬಚ್ಚಲ ಜಾಲರಿಗೆ ಅಂಟಿಕೊಂಡಿತು, ನೀರು ಹೊಯ್ದಷ್ಟೂ ಉಬ್ಬಿತು. ಅಡುಗೆಮನೆಯಿಂದ ಹೆಜ್ಜೆ ಸದ್ದಾದಾಗ ಮೊಣಕಾಲೂರಿ ಕೂತು ಅದನ್ನು ಉಗುರಿನಿಂದ ಕೆರೆದು ಕೆರೆದು ತೆಗೆದಳು. ಆ ಎರಡು ದಿನ ಬಟ್ಟೆಯಲ್ಲಿ ಕೆಂಪು ಕಡಿಮೆಯಿತ್ತು. ಅವಳು ಅದನ್ನು ನೋಡಿದ್ದಳು. ನೋಡಿದ ಮೇಲೂ ಮೂರನೆಯ ದಿನ ಬಟ್ಟಲಿಗೆ ಕೈ ಚಾಚಿದಳು.

ಡಾಕ್ಟರ್ ಶಾಜಿಯಾರ ದವಾಖಾನೆಯಲ್ಲಿ ಗದ್ದಲವಿತ್ತು. ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವಾಗ ಹನಿ ಬೇಗ ಬರಲಿಲ್ಲ, ಬಂದದ್ದು ನೀರು ಬೆರೆಸಿದ ಹಾಗಿತ್ತು. ಒಳಗೆ ಕರೆದಾಗ ಮೂವರೂ ಹೋದರು. ಡಾಕ್ಟರು ಬಟ್ಟೆ ಬಿಚ್ಚಿ ನೋಡಿದರು, ಕೂಸಿನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಹೊಟ್ಟೆಯನ್ನು ಅಂಗೈಯಿಂದ ಒತ್ತಿ ನೋಡಿದರು.

“ನಿಲ್ಲಬೇಕಿತ್ತು. ಇಷ್ಟೊತ್ತಿಗೆ ನಿಲ್ಲಬೇಕಿತ್ರಿ,” ಎಂದರು. “ನಾ ತಿಳ್ಕೊಂಡಿದ್ದೇ ತಪ್ಪು ಅನಸಾಕತ್ತದ. ರಾಯಚೂರಿಗೆ ಬರ್ದು ಕೊಡ್ತೀನಿ. ಕೂಸಿಗೆ ಮತ್ತು ಬರಿಸಿ ಕೆಳಗಿಂದ ಕ್ಯಾಮೆರಾ ಹಾಕಿ ನೋಡ್ತಾರ. ಅಲ್ಲೂ ತಿಳೀದಿದ್ರ ಹೊಟ್ಟಿ ತೆರಿಬೇಕಾಗಬಹುದು. ಅದಕ್ಕೂ ಮೊದ್ಲು ರಕ್ತ ಏರಿಸ್ಬೇಕು, ಇವತ್ತೇ, ಇಲ್ಲೇ. ಇಷ್ಟು ಕಮ್ಮಿ ರಕ್ತದಾಗ ಮತ್ತು ತಾಳೋದು ಕಷ್ಟ ಅದ, ಸುಳ್ಳು ಹೇಳಂಗಿಲ್ಲ.”

“ತೆರಿಯೋದಂದ್ರ?” ಎಂದ ರಾಜೇಶ. ಡಾಕ್ಟರು ಸುರೇಖಾಳ ಕಡೆ ತಿರುಗಿದರು.

“ಹಾಲು ಪೂರಾ ಬಿಟ್ಟಿದ್ರಿ, ಹೌದಲ್ರೀ? ಕೊನೀ ಸಲ ಕೇಳ್ತೀನಿ.”

ಸುರೇಖಾಳಿಗೆ ಬೆಳಗಿನ ಪಾಯಸದ ರುಚಿ ಮತ್ತೆ ಬಾಯಿಗೆ ಬಂತು. ಮೇಜಿನ ಮೇಲೆ ಕೂಸು ಬೆತ್ತಲೆಯಾಗಿ ಮಲಗಿತ್ತು, ಅದರ ಹೊಟ್ಟೆ ಉಸಿರಿಗೆ ಏರಿ ಇಳಿಯುತ್ತಿತ್ತು. ಎಲ್ಲಿ ತೆರೆಯುತ್ತಾರೆ, ಹೊಕ್ಕಳಿನ ಮೇಲೋ ಕೆಳಗೋ ಎಂದು ಅವಳ ಕಣ್ಣು ತಾನಾಗಿಯೇ ಜಾಗ ಹುಡುಕುತ್ತಿತ್ತು.

“ಪಾಯಸದಾಗ...” ಎಂದಳು. “ಪಾಯಸದಾಗ ಆಡಿನ ಹಾಲು ಇತ್ತು ಅನಸ್ತದ್ರಿ.”

“ಅನಸ್ತದ?” ಡಾಕ್ಟರು ಮುಂದೆ ಬಾಗಿದರು. “ಯಾರು ಮಾಡ್ತಿದ್ರು ಪಾಯಸ?”

ಸುರೇಖಾ ಹೆಸರು ಹೇಳಲಿಲ್ಲ. ಅವಳ ಕಣ್ಣು ಹೋದ ಕಡೆ ಉಳಿದವರ ಕಣ್ಣುಗಳೂ ಹೋದವು.

“ಯವ್ವಾ?” ಎಂದ ರಾಜೇಶ.

ಯಂಕಮ್ಮ ಕೂಸಿನ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. “ಹೌದು. ಹಾಕೀನಿ,” ಎಂದಳು.

“ದಿನಾನೂ?”

“ದಿನಾನೂ.”

“ನಿಮಗ ಗೊತ್ತಾಗಲಿಲ್ಲೇನ್ರೀ ಸುರೇಖಾ? ಟೀಚರ್ ಅದೀರಿ.” ಅದು ಆರೋಪವಾಗಿರಲಿಲ್ಲ, ಡಾಕ್ಟರಿಗೆ ನಿಜವಾಗಿ ತಿಳಿಯಬೇಕಿತ್ತು ಅಷ್ಟೇ.

“ಇಲ್ರಿ,” ಎಂದಳು ಸುರೇಖಾ.

ಎಷ್ಟು ಸುಲಭವಾಗಿ ಬಂತು ಅದು. ಹೇಳಿದ ಮೇಲೆ ಅವಳು ಕಾದಳು. ಈಗ ಅತ್ತೆ ಬಾಯಿ ಬಿಡುತ್ತಾಳೆ: ಕೇಳಿದ್ನಲ್ಲ ಯವ್ವಾ, ನಡೀತದ ಅಂದಿಯಲ್ಲ. ಬಸ್ಸಿನಲ್ಲಿ ಅಪರಿಚಿತ ಹೆಂಗಸಿಗೆ ಬಿಡದವಳು ಇಲ್ಲಿ ಬಿಡುತ್ತಾಳೆಯೇ? ಹೇಳಲಿ ಎಂದು ಸುರೇಖಾ ಬಯಸಿದಳು, ಹೇಳದಿರಲಿ ಎಂದು ಅದಕ್ಕಿಂತ ಜೋರಾಗಿ ಬಯಸಿದಳು. ಯಂಕಮ್ಮ ಅವಳನ್ನು ನೋಡಿದಳು. ಸಿಟ್ಟಿನಿಂದಲ್ಲ. ಗುರುತು ಹಿಡಿದ ಹಾಗೆ ನೋಡಿದಳು, ಬಹಳ ಹಿಂದೆ ಒಮ್ಮೆ ಕಂಡದ್ದನ್ನು ಮತ್ತೆ ಕಂಡ ಹಾಗೆ. ಆಮೇಲೆ ಬಗ್ಗಿ ಕೂಸಿಗೆ ಟೊಪ್ಪಿಗೆ ಹಾಕತೊಡಗಿದಳು.

“ನೋಡವ್ವಾ,” ಎಂದರು ಡಾಕ್ಟರು, ದನಿ ತಗ್ಗಿಸಿ. “ಹಿರೇರು ನೀವು. ಪ್ರೀತಿಲೆ ಮಾಡೀರಿ, ತಿಳೀತದ. ಆದ್ರ ಇನ್ನೊಂದು ಸ್ವಲ್ಪಕ್ಕ ಈ ಕೂಸಿನ ಹೊಟ್ಟಿ ಸೀಳ್ತಿದ್ರು, ಸುಳ್ಳ ಕಾರಣಕ್ಕ.”

“ತಪ್ಪಾತ್ರಿ,” ಎಂದಳು ಯಂಕಮ್ಮ.

ರಾಯಚೂರಿಗೆ ಬರೆಯತೊಡಗಿದ್ದ ಚೀಟಿಯನ್ನು ಡಾಕ್ಟರು ಹರಿದು ಹಾಕಿದರು. ಈ ಸಲ ನಿಜವಾಗಿ ಬಿಟ್ಟು ನೋಡಿ, ಆಮೇಲೂ ನಿಲ್ಲದಿದ್ದರೆ ಯೋಚಿಸೋಣ ಎಂದರು. ರಕ್ತ ಮಾತ್ರ ಏರಿಸಲೇಬೇಕಿತ್ತು. ಮೇಲಿನ ವಾರ್ಡಿನಲ್ಲಿ ನರ್ಸು ಕೈಯಲ್ಲಿ ನರ ಹುಡುಕಿದಳು, ಕಾಲಿನಲ್ಲಿ ಹುಡುಕಿದಳು, ಕೊನೆಗೆ ಹಣೆಯ ಪಕ್ಕದ ಎಳೆಗೂದಲನ್ನು ಬೋಳಿಸಿ ಅಲ್ಲಿ ಸೂಜಿ ನಿಲ್ಲಿಸಿದಳು. ಕೂಸು ಅಂದು ಅತ್ತಿತು. ಯಾರದೋ ಗಾಢವಾದ ರಕ್ತ ಸಣ್ಣ ಕೊಳವೆಯಲ್ಲಿ ತೆವಳಿಕೊಂಡು ಬರುವುದನ್ನು ಸುರೇಖಾ ನೋಡುತ್ತ ಕೂತಳು. ಹೊರಗೆ ವರಾಂಡದಲ್ಲಿ ರಾಜೇಶನ ದನಿ ಏರುತ್ತಿತ್ತು.

“ಓದು ಬರ್ಹಾ ಇಲ್ಲ, ಹೋಗ್ಲಿ. ಹೇಳಿದ್ದಾದ್ರೂ ಕೇಳಬೇಕಲ್ಲ ಬೇ? ನಿನ್ನ ಕೈಯಾಗ ಕೂಸು ಕೊಟ್ಟು ನಾ ಆಫೀಸಿಗೆ ಹೋಗ್ತೀನಿ! ಕದ್ದು ಹಾಕ್ತೀಯಲ್ಲ, ಕದ್ದು!”

“ಬಯ್ಯಿ. ಬಯ್ಯಿ ಬ್ಯಾಡನ್ನಂಗಿಲ್ಲ,” ಎನ್ನುತ್ತಿದ್ದಳು ಯಂಕಮ್ಮ. “ಬೆಳಗಿಂದ ಏನೂ ತಿಂದಿಲ್ಲ ನೀ. ಹೊಟ್ಟಿಗೆ ಏನಾರ ಹಾಕ್ಕೊಂಡು ಬಂದು ಬಯ್ಯಿ.”

ಅವನು ಕೆಳಗೆ ಹೋದ. ಯಂಕಮ್ಮ ಒಳಗೆ ಬಂದು ಮಂಚದ ಕಾಲ ಬಳಿ ನೆಲದ ಮೇಲೆ ಕೂತಳು. ಪಕ್ಕದಲ್ಲಿ ಖಾಲಿ ಸ್ಟೂಲಿತ್ತು.

“ಅತ್ತಿ...” ಎಂದಳು ಸುರೇಖಾ.

“ಸುಮ್ನಿರು. ಕೂಸು ಮಲಗ್ಯಾದ.”

ಸುಮ್ಮನಿರಲು ಹೇಳಿದ್ದಕ್ಕೆ ಸುರೇಖಾಳಿಗೆ ಒಳಗೆಲ್ಲೋ ಹಗುರವಾಯಿತು. ಆ ಹಗುರವನ್ನು ಅವಳಿಗೆ ಮುಂದೆ ಬಹಳ ದಿನ ಮರೆಯಲಾಗಲಿಲ್ಲ.

ರಕ್ತ ನಿಂತಿತು. ಮೊದಲು ತೆಳುವಾಯಿತು, ಆಮೇಲೆ ದಿನ ಬಿಟ್ಟು ದಿನವಾಯಿತು, ಆಮೇಲೆ ಬಟ್ಟೆ ಬರೀ ಹಳದಿ. ಕಿವಿಯ ಹಾಲೆಗೆ ಬಣ್ಣ ಬಂತು. ಕೂಸು ಹಸಿವಾದರೆ ಓಣಿ ಕೇಳುವ ಹಾಗೆ ಅಳುವುದನ್ನು ಕಲಿಯಿತು. ರಾಜೇಶ ಒಂದೊಂದು ಬಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡಿ, ಅಡುಗೆಮನೆಯ ಬಾಗಿಲವರೆಗೆ ಒಯ್ದು ತೋರಿಸುತ್ತಿದ್ದ. “ನೋಡಬೇ, ಕಣ್ಣು ಬಿಟ್ಟು ನೋಡು. ಹಾಲು ನಿಂತ ಮ್ಯಾಲೆ ರಕ್ತಾ ನಿಂತದ. ಈಗರ ತಿಳೀತೇನು?” ಅವನ ದನಿಯಲ್ಲಿ ಸಂತೋಷವೇ ಹೆಚ್ಚಾಗಿತ್ತು, ಅದಕ್ಕೇ ಅದು ನಿಲ್ಲುತ್ತಿರಲಿಲ್ಲ. “ಛಲೋ ಆತು,” ಎನ್ನುತ್ತಿದ್ದಳು ಯಂಕಮ್ಮ, ರೊಟ್ಟಿ ಬಡಿಯುತ್ತ. ಗುಲ್ಷನ್‌ಬೀಗೂ ಅವನು ಹೇಳಿಬಂದಿದ್ದ, ನಮ್ಮವ್ವ ಬಂದರೆ ಹಾಲು ಕೊಡಬೇಡಿ ಎಂದು. ಓಣಿಯ ಹೆಂಗಸರು ಈಗ ಕೂಸನ್ನು ಎತ್ತಿಕೊಂಡಾಗ ಯಂಕಮ್ಮನ ಕಡೆ ಒಮ್ಮೆ ನೋಡಿ ಮಾತು ಬದಲಿಸುತ್ತಿದ್ದರು. ಕೂಸಿನ ಕೆನ್ನೆ ತುಂಬಿದಷ್ಟೂ ಅವಳ ಮೇಲಿನ ತಪ್ಪು ಗಟ್ಟಿಯಾಗುತ್ತಿತ್ತು. ಪ್ರತಿ ಸಲ ಬಟ್ಟೆ ಬಿಚ್ಚುವಾಗ ಹಳದಿ ಕಂಡು ಸುರೇಖಾಳ ಕಣ್ಣು ತುಂಬುತ್ತಿತ್ತು, ಅದು ಯಾವುದರ ನೀರು ಎಂದು ಅವಳು ಕೇಳಿಕೊಳ್ಳುತ್ತಿರಲಿಲ್ಲ. ಇವತ್ತು ಹೇಳುತ್ತೇನೆ ಎಂದುಕೊಳ್ಳುವಳು. ರಾಜೇಶ ಬಟ್ಟೆ ಎತ್ತಿಕೊಂಡು ಅಡುಗೆಮನೆಯ ಕಡೆ ನಡೆಯುವಾಗ ಅವನ ಬೆನ್ನು ನೋಡುತ್ತ ಕೂರುವಳು.

ಯಂಕಮ್ಮ ವಳಕಮದಿನ್ನಿಗೆ ಹಿಂತಿರುಗುವ ಹಿಂದಿನ ಮಧ್ಯಾಹ್ನ ಊಟ ತಂದಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಮೂಲೆಯಲ್ಲಿ ಶೇಂಗಾ ಚಟ್ನಿ. ಕೂಸು ಆಗಷ್ಟೇ ಮೊಲೆ ಬಿಟ್ಟು ಮಲಗಿತ್ತು. ಸುರೇಖಾ ಎದ್ದು ಕೂತು ಎರಡೂ ಕೈ ಚಾಚಿದಳು. ಅವು ಎಲ್ಲಿಯೂ ತಡೆಯಲಿಲ್ಲ, ನೇರವಾಗಿ, ಪೂರ್ತಿಯಾಗಿ ಚಾಚಿಕೊಂಡವು. ಅತ್ತೆ ಅದನ್ನು ನೋಡಲಿ ಎಂದು ಇನ್ನೂ ಒಂದಿಷ್ಟು ಮುಂದೆ ಒಯ್ದಳು.

ಯಂಕಮ್ಮ ಆ ಕೈಗಳ ಪಕ್ಕದಲ್ಲಿ ಬಗ್ಗಿ ತಟ್ಟೆಯನ್ನು ನೆಲದ ಮೇಲಿಟ್ಟಳು. ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

“ಉಣ್ಣು,” ಎಂದಳು. “ಏನೂ ಹಾಕಿಲ್ಲ.”